ಸೇನೆಗೆ ಸರಕು: ಟೆಂಡರ್ ಹುಡುಕುವ ಬಗೆ, ದರ ಹಾಕುವ ಬಗೆ



ಸೇನೆಯ ಖರೀದಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ವಿಮಾನ, ತೋಪು, ಕ್ಷಿಪಣಿ. ಇದು ದಿಲ್ಲಿಯವರ ವ್ಯವಹಾರ, ನಮಗೇಕೆ ಎಂದು ರೇಡಿಯೋದ ಕಿವಿ ತಿರುವಿಬಿಡಬೇಡಿ. ಸಿಪಾಯಿಗೂ ಬೆಳಗಾದರೆ ಮೈ ಒರೆಸಲು ಟವೆಲ್ ಬೇಕು, ಹೊದೆಯಲು ಹೊದಿಕೆ ಬೇಕು, ಊಟಕ್ಕೆ ಕೋಸು, ಆಲೂಗಡ್ಡೆ ಬೇಕು. ಅವನು ಓಡಿಸುವ ಗಾಡಿಗೆ ಬುಷ್ಷು, ಬೋಲ್ಟು ಬೇಕು. ತೋಪು ಕೊಳ್ಳುವ ಲೆಕ್ಕಕ್ಕೆ ಬಂಡವಾಳ ಖರೀದಿ ಎನ್ನುತ್ತಾರೆ. ದಿನನಿತ್ಯದ ಸಾಮಾನಿನದು ಕಂದಾಯ ಖರೀದಿ. ಈ ಎರಡನೆಯದೇ ವರ್ಷಕ್ಕೆ ಸುಮಾರು 1 ಲಕ್ಷ ಕೋಟಿ ರೂಪಾಯಿಯಷ್ಟಾಗುತ್ತದೆ. ಅದಕ್ಕಾಗಿ ಹೊಸ ರಕ್ಷಣಾ ಖರೀದಿ ಕೈಪಿಡಿಯೊಂದು 2025ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ನಾವಿಂದು ಮಾತನಾಡುವುದು ಈ ಸಣ್ಣ ಸಾಮಾನಿನ ವಿಷಯ.

ಕೊಳ್ಳುವವರು ದೂರದಲ್ಲೇನೂ ಇಲ್ಲ. ನೀಲಗಿರಿಯ ಕೇಳುಗರಿಗೆ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆಯೂ ವೆಲ್ಲಿಂಗ್ಟನ್ ದಂಡಿನ ಪ್ರದೇಶವೂ ಕೂಗಳತೆಯಲ್ಲಿವೆ. ಜಹೀರಾಬಾದ್, ನಾರಾಯಣಖೇಡದವರಿಗೆ ತಮ್ಮ ಸಂಗಾರೆಡ್ಡಿ ಜಿಲ್ಲೆಯಲ್ಲೇ ಎದ್ದುಮೈಲಾರಂನ ಕವಚವಾಹನ ಕಾರ್ಖಾನೆ ಇದೆ. ಕಾಸರಗೋಡಿನವರಿಗೆ ಸೀತಾಂಗೋಳಿಯಲ್ಲಿ ಎಚ್‌ಎಎಲ್ ಘಟಕ, ಗೋವಾದವರಿಗೆ ವಾಸ್ಕೋದಲ್ಲಿ ಗೋವಾ ಶಿಪ್‌ಯಾರ್ಡ್. ಹೊಸೂರಿನ ಲೇತ್ ಮಾಲೀಕರಿಗಂತೂ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಬೆಳಗಿನ ಬಸ್ಸಿನ ದಾರಿ; ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಹೊಸೂರೂ ಒಂದು. ಸೊಲ್ಲಾಪುರದ ಚಾದರ, ಟವೆಲ್ ಮಗ್ಗಗಳನ್ನೂ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೈಗಳನ್ನೂ ನಾನು ಬೇರೆ ಹೇಳಬೇಕಾಗಿಲ್ಲ.

ಇನ್ನು ಮಾತಿನ ತೊಡಕು. ಮರಾಠಿಯವರು ಇದಕ್ಕೆ ನಿವಿದಾ ಎನ್ನುತ್ತಾರೆ, ತಮಿಳಿನಲ್ಲಿ ಒಪ್ಪಂದಪ್ಪುಳ್ಳಿ. ಮಲಯಾಳದ ಪತ್ರಿಕೆಯಲ್ಲಿ 'ದರ್ಘಾಸ್' ಎಂದು ಓದಿದ ನಮ್ಮ ಹಿರಿಯರು, ದರಖಾಸ್ತು ಎಂದರೆ ಸರಕಾರಿ ಜಮೀನಿಗೆ ಅರ್ಜಿ ಎಂದೇ ತಿಳಿದವರು, ಸೇನೆ ಭೂಮಿ ಹಂಚುತ್ತಿದೆಯೇ ಎಂದು ಕೇಳಿದರೆ ನಗಬೇಡಿ. ಹೆಸರು ಯಾವುದಾದರೂ ಇರಲಿ, ಒಳಗಿನ ಕಾಗದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಓದಿ ಹೇಳುವ ಒಬ್ಬ ಮಗನೋ ಮಗಳೋ ಮನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಹಿಂದೆ ಟೆಂಡರ್ ಬೇಕೆಂದರೆ ಪತ್ರಿಕೆಯ ಹಿಂಪುಟ ನೋಡಬೇಕಿತ್ತು, ಕಚೇರಿಗೆ ಹೋಗಿ ಫಾರ್ಮು ಕೊಳ್ಳಬೇಕಿತ್ತು. ಈಗ ಬಹುಪಾಲು ಗಣಕಯಂತ್ರದಲ್ಲೇ. ಮುಖ್ಯವಾಗಿ ಎರಡು ಕಡೆ ನೋಡಿ. ಒಂದು, 2016ರಲ್ಲಿ ಆರಂಭವಾದ ಸರಕಾರಿ ಇ-ಮಾರುಕಟ್ಟೆ, ಜನರ ಬಾಯಲ್ಲಿ 'ಜೆಮ್'. ಎರಡು, ರಕ್ಷಣಾ ಇಲಾಖೆಯದೇ ಆದ ಇ-ಖರೀದಿ ತಾಣ, ಡೆಫ್‌ಪ್ರಾಕ್ ಡಾಟ್ ಜಿಓವಿ ಡಾಟ್ ಇನ್. ಇವುಗಳಲ್ಲಿ ಟೆಂಡರ್ ನೋಡುವುದಕ್ಕೆ ಕಾಸು ಕೊಡಬೇಕಾಗಿಲ್ಲ. ಎಚ್‌ಎಎಲ್, ಬಿಇಎಲ್‌ನಂತಹ ಕಂಪನಿಗಳು ತಮ್ಮದೇ ಪೂರೈಕೆದಾರರ ಪಟ್ಟಿ ಇಟ್ಟುಕೊಂಡಿರುತ್ತವೆ. ಅಲ್ಲಿ ಪ್ರತ್ಯೇಕ ನೋಂದಣಿ ಬೇಕು. ಹಳೆಯ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ಹುಡುಕುತ್ತ ಹೋಗಬೇಡಿ. ಅದರ 41 ಕಾರ್ಖಾನೆಗಳನ್ನು 2021ರ ಅಕ್ಟೋಬರ್ 1ರಿಂದ ಏಳು ಕಂಪನಿಗಳಿಗೆ ಹಂಚಿದ್ದಾರೆ. ಬಟ್ಟೆಬರೆಯದು ಕಾನ್ಪುರದ ಟ್ರೂಪ್ ಕಂಫರ್ಟ್ಸ್, ಮದ್ದುಗುಂಡಿನದು ಪುಣೆಯ ಮ್ಯುನಿಷನ್ಸ್ ಇಂಡಿಯಾ. ವಿದೇಶದಿಂದ ತರಿಸುತ್ತಿರುವ ಬಿಡಿಭಾಗಗಳನ್ನು ನಮ್ಮಲ್ಲೇ ಯಾರು ಮಾಡಬಲ್ಲಿರಿ ಎಂದು ಕೇಳುವ 'ಸೃಜನ್' ಎಂಬ ತಾಣ 2020ರಿಂದ ಇದೆ. ಹೊಸೂರಿನ ವರ್ಕ್‌ಶಾಪಿನವರು ವಾರಕ್ಕೊಮ್ಮೆ ಅದರತ್ತ ಕಣ್ಣು ಹಾಯಿಸುವುದು ಮೇಲು.

ಟೆಂಡರ್ ಹಾಕುವ ಮೊದಲು ಕಾಗದ ಪತ್ರ. ಉದ್ಯಮ್ ನೋಂದಣಿ ಮುಖ್ಯ. 2020ರ ಜುಲೈ 1ರಿಂದ ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕುಳಿತು ಮಾಡಿಸಬಹುದು. ಶುಲ್ಕವಿಲ್ಲ. ಇದಕ್ಕೆ ಹಣ ಕೇಳಿದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಇ-ಖರೀದಿ ತಾಣಕ್ಕೆ ಮೂರನೇ ದರ್ಜೆಯ ಡಿಜಿಟಲ್ ಸಹಿ ಬೇಕು. ಅದು ಪೆನ್‌ಡ್ರೈವಿನಂತಹ ಒಂದು ಟೋಕನ್. ಅದರ ಅವಧಿ ಮುಗಿದಿರುವುದು ಟೆಂಡರ್ ಹಾಕುವ ಕಡೆಯ ದಿನ ಗೊತ್ತಾದರೆ ಯಾರೂ ಏನೂ ಮಾಡಲಾರರು.

ಗಡಿನಾಡಿನ ನಮಗೆ ಇಲ್ಲೊಂದು ವಿಶೇಷ ಪೀಡೆ ಇದೆ: ಹೆಸರು. ಆಧಾರಿನಲ್ಲಿ ತಂದೆಯ ಹೆಸರು ಸೇರಿಸಿ ಮರಾಠಿ ಪದ್ಧತಿ, ಪ್ಯಾನಿನಲ್ಲಿ ಬರೀ ಇನಿಶಿಯಲ್, ಬ್ಯಾಂಕಿನಲ್ಲಿ ಊರಿನ ಹೆಸರು ಅಡ್ಡಹೆಸರಾಗಿ, ಶಾಲೆಯ ದಾಖಲೆಯಲ್ಲಿ ಕನ್ನಡದ ಕಾಗುಣಿತ. ಮನುಷ್ಯ ಒಬ್ಬನೇ, ಕಾಗದದಲ್ಲಿ ನಾಲ್ಕು ಜನ. ಪರಿಶೀಲಿಸುವ ಅಧಿಕಾರಿಗೆ ನಮ್ಮ ಗಡಿಯ ಚರಿತ್ರೆ ಗೊತ್ತಿರುವುದಿಲ್ಲ. ಗಣಕಯಂತ್ರಕ್ಕಂತೂ ಅಕ್ಷರ ಹೊಂದದಿದ್ದರೆ ಮುಗಿಯಿತು. ಟೆಂಡರ್ ಬರುವ ತನಕ ಕಾಯದೆ ಇಂದೇ ಈ ನಾಲ್ವರನ್ನೂ ಒಬ್ಬನನ್ನಾಗಿ ಮಾಡಿಕೊಳ್ಳಿ.

ಉದ್ಯಮ್ ಚೀಟಿಯಿಂದ ಏನು ಪ್ರಯೋಜನ? ಕೇಂದ್ರ ಸರಕಾರದ 2012ರ ಆದೇಶದಂತೆ ಇಲಾಖೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಒಂದು ಪಾಲನ್ನು ಅತಿಸಣ್ಣ ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು. ಆ ಪಾಲು 2018ರ ತಿದ್ದುಪಡಿಯಿಂದ ಶೇಕಡಾ 25 ಆಗಿದೆ. ಇದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಘಟಕಗಳಿಗೆ ಶೇಕಡಾ 4, ಮಹಿಳೆಯರ ಘಟಕಗಳಿಗೆ ಶೇಕಡಾ 3. ಟೆಂಡರ್ ಫಾರ್ಮು ಉಚಿತ, ಮುಂಗಡ ಠೇವಣಿಯಿಂದ ವಿನಾಯಿತಿ. ಬೇರೆಯವರು ಸಾಮಾನ್ಯವಾಗಿ ಅಂದಾಜು ಮೌಲ್ಯದ ಶೇಕಡಾ 2ರಿಂದ 5ರಷ್ಟು ಠೇವಣಿ ಕಟ್ಟಬೇಕು. 10 ಲಕ್ಷದ ಕೆಲಸಕ್ಕೆ 20ರಿಂದ 50 ಸಾವಿರ ರೂಪಾಯಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಈ ಸವಲತ್ತು ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿ ಉದ್ಯಮ್ ಚೀಟಿ ಹಿಡಿದು ಬಂದರೂ ಇಲ್ಲಿ ನಡೆಯುವುದಿಲ್ಲ.

ದರದ ವಿಚಾರಕ್ಕೆ ಬರೋಣ. ಸೊಲ್ಲಾಪುರದ ಒಂದು ಮಗ್ಗದ ಮನೆಯವರು 10,000 ಟವೆಲುಗಳ ಟೆಂಡರ್ ಕಂಡರು ಎಂದು ಇಟ್ಟುಕೊಳ್ಳಿ. ದೊಡ್ಡ ಗಿರಣಿಯೊಂದು 100 ರೂಪಾಯಿ ಹಾಕಿತು, ಅದೇ ಎಲ್ಲಕ್ಕಿಂತ ಕಡಿಮೆ. ನಮ್ಮವರು ಹಾಕಿದ್ದು 114. ಕಡಿಮೆ ದರದ ಮೇಲೆ ಶೇಕಡಾ 15ರೊಳಗೆ ಇರುವುದರಿಂದ, 100ಕ್ಕೆ ಇಳಿದು ಬಂದರೆ ಕನಿಷ್ಠ ಕಾಲು ಭಾಗ, ಅಂದರೆ 2,500 ಟವೆಲು, ನಿಮಗೆ ಎಂದು ನಿಯಮ ಹೇಳುತ್ತದೆ. ಕೇಳಲು ಹಿತವಾಗಿದೆ. ಆದರೆ ನಿಮ್ಮ ಅಸಲೇ 105 ಆಗಿದ್ದರೆ? ಒಂದೊಂದು ಟವೆಲಿಗೂ 5 ರೂಪಾಯಿ ಕೈಯಿಂದ ಹಾಕಿ ದೇಶಸೇವೆ ಮಾಡಿದಂತಾಯಿತು. ಆ ಅವಕಾಶವನ್ನು ಬೇಡ ಎನ್ನುವ ಹಕ್ಕೂ ನಿಮಗಿದೆ. ಹಾಗಾಗಿ ದರ ಹಾಕುವ ಮುನ್ನ ಮನೆಯ ಹಿಂದಿನ ಗೋಡೆಯ ಮೇಲಾದರೂ ಅಸಲಿನ ಲೆಕ್ಕ ಬರೆಯಿರಿ: ನೂಲು, ಬಣ್ಣ, ಕೂಲಿ, ಕರೆಂಟು, ಜಿಎಸ್‌ಟಿ, ಪರೀಕ್ಷೆಯ ಖರ್ಚು, ಸಾಗಣೆ. ಸಾಗಣೆಯನ್ನು ಮರೆಯುವವರೇ ಹೆಚ್ಚು. ಮಾಲು ಕಾನ್ಪುರದ ಉಗ್ರಾಣದ ಬಾಗಿಲಿಗೆ ಮುಟ್ಟಬೇಕೆಂದಿದ್ದರೆ, ಸೊಲ್ಲಾಪುರದಿಂದ ಅಲ್ಲಿಯವರೆಗಿನ ಲಾರಿ ಬಾಡಿಗೆ ನಿಮ್ಮದೇ. ಜೆಮ್‌ನಲ್ಲಿ ಕೆಲವೊಮ್ಮೆ ಇಳಿಹರಾಜು ನಡೆಯುತ್ತದೆ. ಪರದೆಯ ಮೇಲೆ ದರ ಇಳಿಯುತ್ತ ಹೋಗುವಾಗ ಜಾತ್ರೆಯ ಕುಸ್ತಿ ನೋಡುವವನ ಹಾಗೆ ಮೈಮೇಲೆ ಬರುತ್ತದೆ. ಇಷ್ಟಕ್ಕಿಂತ ಕೆಳಗಿಲ್ಲ ಎಂಬ ಅಂಕಿಯನ್ನು ಮೊದಲೇ ಬರೆದಿಟ್ಟು ಅದರ ಬಳಿ ಕೈ ಎತ್ತಿಬಿಡಿ.

ಟೆಂಡರಿನಲ್ಲಿ ಬಹುತೇಕ ಎರಡು ಲಕೋಟೆ ಇರುತ್ತವೆ, ಒಂದು ತಾಂತ್ರಿಕ, ಇನ್ನೊಂದು ದರದ್ದು. ಮೊದಲನೆಯದರಲ್ಲಿ ಸೋತವರ ಎರಡನೆಯದನ್ನು ಬಿಚ್ಚುವುದೇ ಇಲ್ಲ. ತೂಕ ಇಷ್ಟು ಗ್ರಾಂ, ಇಂಚಿಗೆ ಎಳೆ ಇಷ್ಟು, ಬಣ್ಣ ತೊಳೆದರೂ ಬಿಡಬಾರದು, ಎಂದೆಲ್ಲ ವಿವರಣಾಪತ್ರದಲ್ಲಿರುತ್ತದೆ. ಬಟ್ಟೆಯಂಥ ಸರಕಿಗೆ ಮೊಹರು ಹಾಕಿದ ಮಾದರಿಯೂ ಇರುವುದುಂಟು. ಅದನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಬಂದು ದರ ಹಾಕಿ. ಸಂತೆಯಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ಗಿರಾಕಿ ಕೇಳುವುದಿಲ್ಲ. ಸೇನೆಯ ಗುಣಮಟ್ಟ ತಪಾಸಕ ಕೇಳುತ್ತಾನೆ, ರಾಶಿಯನ್ನೇ ತಿರಸ್ಕರಿಸುತ್ತಾನೆ. ತಿರಸ್ಕೃತ ಮಾಲನ್ನು ಸ್ವಂತ ಖರ್ಚಿನಲ್ಲಿ ಹಿಂದೆ ತರಬೇಕು. ತಡವಾದರೆ ಬಾಕಿ ಮಾಲಿನ ಬೆಲೆಯ ಮೇಲೆ ಸಾಮಾನ್ಯವಾಗಿ ವಾರಕ್ಕೆ ಅರ್ಧ ಶೇಕಡಾ ದಂಡ. 10 ಲಕ್ಷದ ಮಾಲಿಗೆ ವಾರಕ್ಕೆ 5,000.

ನೀಲಗಿರಿ, ತಾಳವಾಡಿಯ ತರಕಾರಿ ಬೆಳೆಗಾರರ ಕಥೆ ಬೇರೆ. ತಾಜಾ ತರಕಾರಿಯ ಗುತ್ತಿಗೆಯಲ್ಲಿ ಅವಧಿಗೊಂದು ದರ ಗೊತ್ತಾಗುತ್ತದೆ. ಪೇಟೆಯ ದರ ಏರಿದರೂ ಇಳಿದರೂ ಒಪ್ಪಿದ ದರಕ್ಕೇ ದಿನವೂ ಕೊಡಬೇಕು. ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ 2023ರ ಜುಲೈ ನೆನಪಿದೆಯಲ್ಲ? 25 ರೂಪಾಯಿಗೆ ಒಪ್ಪಿದವನು ಅಂಥ ತಿಂಗಳಲ್ಲಿ ಗಾಡಿ ನಿಲ್ಲಿಸಿದರೆ, ಸೇನೆಯವರು ಪೇಟೆಯಲ್ಲಿ ಕೊಂಡು ಹೆಚ್ಚಿನ ಹಣವನ್ನು ಅವನಿಂದಲೇ ವಸೂಲು ಮಾಡಬಹುದು. ಒಬ್ಬ ರೈತನ ಹೆಗಲಿಗೆ ಇದು ಭಾರ. ನನ್ನ ಅಭಿಪ್ರಾಯದಲ್ಲಿ ಬೆಳೆಗಾರರ ಕಂಪನಿ ಕಟ್ಟಿಕೊಂಡು, ಹತ್ತಿಪ್ಪತ್ತು ಜನ ಸೇರಿ ಹಾಕಿದರೆ ಮಾತ್ರ ಈ ಗುತ್ತಿಗೆ ತಾಳುತ್ತದೆ. ಅದಿಲ್ಲದವರು ಗುತ್ತಿಗೆದಾರನಿಗೆ ಮಾಲು ಕೊಟ್ಟು ಅಂದಂದೇ ಹಣ ಎಣಿಸಿಕೊಳ್ಳುವುದೇ ವಾಸಿ.

'ಒಳಗೆ ನಮ್ಮವರಿದ್ದಾರೆ, ಇಷ್ಟು ಕೊಡಿ, ಟೆಂಡರ್ ನಿಮ್ಮದೇ' ಎಂದು ಯಾರಾದರೂ ಬಂದೇ ಬರುತ್ತಾರೆ. ನಿಮ್ಮ ಭಾಷೆಯಲ್ಲೇ, ನಿಮ್ಮ ಊರಿನ ನಂಟು ಹೇಳಿಕೊಂಡೇ ಬರುತ್ತಾರೆ. ರಕ್ಷಣಾ ಗುತ್ತಿಗೆಯ ಷರತ್ತುಗಳಲ್ಲಿ ದಳ್ಳಾಳಿಗೆ ಕಮಿಷನ್ ಕೊಟ್ಟಿಲ್ಲ ಎಂದು ನೀವೇ ಸಹಿ ಹಾಕಿರುತ್ತೀರಿ. ಕೊಟ್ಟದ್ದು ಬಯಲಾದರೆ ಗುತ್ತಿಗೆ ರದ್ದು; ಅವನು ಮುಂದಿನ ಊರಿನ ಬಸ್ಸು ಹತ್ತಿರುತ್ತಾನೆ.

ಕೊನೆಗೆ ಹಣ. ಜೆಮ್‌ನಲ್ಲಿ ಮಾಲು ಸ್ವೀಕರಿಸಿದ ಪ್ರಮಾಣಪತ್ರ ಹುಟ್ಟಿದ ಮೇಲೆ 10 ದಿನದೊಳಗೆ ಪಾವತಿ ಆಗಬೇಕೆಂದಿದೆ. ತಡವಾಗುವುದೂ ಉಂಟು. 2006ರ ಸಣ್ಣ ಉದ್ದಿಮೆಗಳ ಕಾಯಿದೆಯ ಪ್ರಕಾರ, ಕರಾರಿನಲ್ಲಿ ಏನೇ ಬರೆದಿರಲಿ, ಮಾಲು ಒಪ್ಪಿಕೊಂಡ 45 ದಿನಗಳಾಚೆ ಹಣ ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಗಣಕಯಂತ್ರದ ಮೂಲಕವೇ ಕೊಡಬಹುದು. ಕೊಂಡವರು ಕಾನ್ಪುರದಲ್ಲಿದ್ದರೂ ವಿಚಾರಣೆ ನಡೆಸುವ ಅಧಿಕಾರ ಪೂರೈಕೆದಾರನ ರಾಜ್ಯದ ಮಂಡಳಿಗಿದೆ. ಜತ್ತಿನವರಿಗೆ ಮಹಾರಾಷ್ಟ್ರದ್ದು, ಹೊಸೂರಿನವರಿಗೆ ತಮಿಳುನಾಡಿನದು, ಆದೋನಿಯವರಿಗೆ ಆಂಧ್ರದ್ದು. ಬಿಲ್ಲಿನ ಪ್ರತಿ, ಲಾರಿ ರಸೀದಿ, ತಪಾಸಣೆಯ ಚೀಟಿ, ಸ್ವೀಕೃತಿ ಪತ್ರ, ಈ ನಾಲ್ಕನ್ನೂ ಒಂದು ಫೈಲಿನಲ್ಲಿ ಹಣ ಬಂದ ಮೇಲೂ ಕಾಪಾಡಿಕೊಂಡಿರಿ. ಮುಂದಿನ ಟೆಂಡರಿನಲ್ಲಿ ಅನುಭವದ ಪುರಾವೆ ಕೇಳಿದಾಗ ತೋರಿಸಬೇಕಾದದ್ದೂ ಇವನ್ನೇ.