ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ



ಪೀಣ್ಯದ ಲೇತ್ ಯಂತ್ರವಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಆಗಲಿ, ವಿದ್ಯುತ್ತಿಲ್ಲದೆ ನಡೆಯದು. ಆ ವಿದ್ಯುತ್ತಿನ ಒಂದು ಪಾಲು ದಶಕಗಳಿಂದ ಬರುತ್ತಿರುವುದು ಶರಾವತಿ ಕಣಿವೆಯಿಂದ. ಅದೇ ಸೀಮೆಯ ಕಾಡಿನ ತೊರೆಗಳಲ್ಲಿ ಒಂದು ಪುಟ್ಟ ಕಪ್ಪೆಯಿದೆ. ಇಂದು ಅದರ ಪರಿಚಯ ಮಾಡಿಕೊಳ್ಳೋಣ.

ಇದರ ವೈಜ್ಞಾನಿಕ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಕೆ. ವಿ. ಗುರುರಾಜ ಮತ್ತು ಸಂಗಡಿಗರು ಇದನ್ನು ಹೊಸ ಪ್ರಭೇದವೆಂದು ಪ್ರಕಟಿಸಿದ್ದು 2014ರಲ್ಲಿ. ಹೆಸರಿನ ಮೊದಲ ಭಾಗಕ್ಕೆ ಇರುಳುಗಪ್ಪೆ ಎಂದರ್ಥ. ಈ ಕುಲದ ಕಪ್ಪೆಗಳು ನಮ್ಮ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಎರಡನೆಯ ಭಾಗ ನಮ್ಮ ಕನ್ನಡದ್ದೇ ಮಾತು.

ಈ ಹೆಸರೇಕೆ? ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಾಡು. ಮಳೆಗಾಲದ ರಾತ್ರಿ. ಆಳವಿಲ್ಲದ ತೊರೆಯಲ್ಲಿ ಗಂಡುಕಪ್ಪೆ ಕೂಗುತ್ತದೆ, ಹೆಣ್ಣು ಬರುತ್ತದೆ. ನೀರಿನ ಮೇಲೆ ಬಾಗಿದ ಕಡ್ಡಿಗೋ ತೊಗಟೆಗೋ ಮೊಟ್ಟೆ ಅಂಟಿಸುವಾಗ ಎರಡೂ ಮುಂಗಾಲೂರಿ ತಲೆಕೆಳಗಾಗಿ ನಿಲ್ಲುತ್ತವೆ. ಹೆಣ್ಣು ಹೊರಟುಹೋದ ಮೇಲೆ ಗಂಡಿನ ಕೆಲಸ ಆರಂಭ. ಅದು ತೊರೆಯ ತಳದಿಂದ ಮುಂಗಾಲುಗಳಲ್ಲಿ ಕೆಸರು ಬಾಚಿ, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಶತ್ರುಗಳ ಕಣ್ಣಿಗೆ ಬೀಳದಿರಲಿ ಎಂಬುದೇ ಇದರ ಪ್ರಯೋಜನವಿರಬೇಕೆಂದು ವಿಜ್ಞಾನಿಗಳ ಊಹೆ. ಮರಿಗಳು ಒಡೆದು ಬಂದಾಗ ಕೆಳಗಿನ ನೀರಿಗೆ ಬೀಳುತ್ತವೆ. ಗೊದಮೊಟ್ಟೆಯ ಬದುಕು ಅಲ್ಲಿಂದ ಮುಂದೆ.

ಈಗ ಗಮನಿಸಿ: ಈ ಬಾಳುವೆಗೆ ಬೇಕಾದದ್ದು ಎಷ್ಟು ಸೂಕ್ಷ್ಮ! ನೆರಳು ಬೇಕು, ಕೆಸರು ಬೇಕು, ತೆಳುವಾಗಿ ಹರಿಯುವ ನೀರು ಬೇಕು. ನೀರು ನಿಂತು ಮಡುವಾದರೂ ಕಷ್ಟ, ಬತ್ತಿದರೂ ಕಷ್ಟ. ಹಕ್ಕಿಯಂತೆ ಹಾರಿ ಇನ್ನೊಂದು ಬೆಟ್ಟ ಸೇರಲು ಇದಕ್ಕೆ ರೆಕ್ಕೆಯಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದದ್ದು 1964ರಲ್ಲಿ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಇನ್ನೊಂದು ಯೋಜನೆಯ ಪ್ರಸ್ತಾಪವಿದೆ. ವಿದ್ಯುತ್ತು ಹೆಚ್ಚಾಗಿರುವಾಗ ಗೇರುಸೊಪ್ಪೆಯ ಜಲಾಶಯದಿಂದ ತಳಕಳಲೆಗೆ ನೀರೆತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವುದು ಅದರ ಕ್ರಮ. ನಗರಕ್ಕೆ ವಿದ್ಯುತ್ತು ಬೇಕೆಂಬುದೂ ನಿಜ. ಸುರಂಗ, ರಸ್ತೆಗಳಿಗೆ ಕಾಡು ಕಡಿಯಬೇಕಾಗುತ್ತದೆ ಎಂಬ ಆತಂಕವೂ ನಿಜ. ಈ ಕುರಿತು ತೀವ್ರ ಚರ್ಚೆ ನಡೆದಿದೆ.

ತೀರ್ಪು ಕೊಡುವ ಮುನ್ನ ಲೆಕ್ಕ ಪೂರ್ಣವಾಗಿರಬೇಕು. ಮೆಗಾವಾಟನ್ನು ಎಣಿಸುವಾಗ ತೊರೆಯನ್ನೂ ಎಣಿಸಬೇಕು. 2014ರವರೆಗೆ ವಿಜ್ಞಾನದ ಪಟ್ಟಿಯಲ್ಲಿ ಈ ಕಪ್ಪೆಯ ಹೆಸರೇ ಇರಲಿಲ್ಲ. ಹೆಸರಿಡುವ ಮೊದಲೇ ಕಳೆದುಕೊಂಡದ್ದನ್ನು ಯಾವ ಪ್ರಯೋಗಾಲಯವೂ ಮತ್ತೆ ತಂದುಕೊಡಲಾರದು. ಮುಂದೆ ಎಂಜಿನಿಯರುಗಳೂ ವಿಜ್ಞಾನಿಗಳೂ ಆಗಲಿರುವ ನೀವು ಇದನ್ನು ಮರೆಯಬಾರದು.