ಒಂದೇ ಹೆಸರು, ಎರಡು ಬರಹ



ಕುರುಗೋಡು ಎಂದೊಡನೆ ನಮಗೆ ನೆನಪಾಗುವುದು ದೊಡ್ಡಬಸವೇಶ್ವರನ ಗುಡಿ. ಗಣಕಯಂತ್ರಕ್ಕಾದರೋ ಅದು ಅಂಕೆಗಳ ಒಂದು ಸಾಲು ಮಾತ್ರ. 1991ರಲ್ಲಿ ಹೊರಬಂದ ಯೂನಿಕೋಡ್ ಪದ್ಧತಿಯು ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಗುಣಿತ ಚಿಹ್ನೆಗೂ ಒಂದೊಂದು ಅಂಕೆಯನ್ನು ಗೊತ್ತುಮಾಡಿದೆ.

ತೊಡಕಿರುವುದು ‘ಗೋ’ ಎಂಬಲ್ಲಿ. ಅಲ್ಲಿಯ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮೊದಲನೆಯ ರೀತಿಯಲ್ಲಿ ಊರಿನ ಹೆಸರಿಗೆ 8 ಸಂಕೇತಗಳು, ಎರಡನೆಯದರಲ್ಲಿ 10. ಕಣ್ಣಿಗೆ ಎರಡೂ ಒಂದೇ.

ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಿಗೆ 1998ರಲ್ಲಿ ಬಂದ ಕಡತವ್ಯವಸ್ಥೆಯು ಇಂಥ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ವಿಂಡೋಸ್, ಲಿನಕ್ಸ್‌ಗಳು ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತವೆ. ಆದ್ದರಿಂದ ಅಲ್ಲಿಂದ ಇಲ್ಲಿಗೆ ಬಂದ ಕಡತದ ದಾರಿಯಲ್ಲಿ ‘ಕುರುಗೋಡು’ ಎಂದಿದ್ದರೆ, ತಂತ್ರಾಂಶವು ಹುಡುಕಿ ‘ಅಂಥದ್ದಿಲ್ಲ’ ಎನ್ನಬಹುದು. ಕಡತ ಕಣ್ಣೆದುರಿಗೇ ಇರುತ್ತದೆ! ಅದು ರೈತನೊಬ್ಬನ ಪಹಣಿಯ ಪ್ರತಿಯಾಗಿದ್ದರೆ, ಅವನು ಬರಿಗೈಯಲ್ಲಿ ಮರಳಬೇಕಾದೀತು.

ಇದು ಭಾಷೆಯ ದೋಷವೇ? ಅಲ್ಲ. ಎರಡು ಬರಹಗಳೂ ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ತಂತ್ರಾಂಶ ರಚಿಸುವವರ ಹೊಣೆ. ಯಂತ್ರದಿಂದ ಯಂತ್ರಕ್ಕೆ ಸಾಗಬೇಕಾದ ಕಡತಕ್ಕೆ ಸದ್ಯಕ್ಕೆ ರೋಮನ್ ಅಕ್ಷರ, ಅಂಕೆಗಳ ಸರಳ ಹೆಸರನ್ನಿಟ್ಟು, ಒಳಗೆ ನಿಸ್ಸಂಕೋಚವಾಗಿ ಕನ್ನಡವನ್ನು ಬರೆಯಬಹುದು. ಆದರೆ ಈ ಉಪಾಯವನ್ನೇ ಪರಿಹಾರವೆಂದು ಬಗೆದು ಸುಮ್ಮನಿರಬಾರದು. ಕಚೇರಿಗಾಗಲಿ ಶಾಲೆಗಾಗಲಿ ತಂತ್ರಾಂಶವನ್ನು ಕೊಳ್ಳುವವರು, ಕುರುಗೋಡಿನ ಹೆಸರನ್ನು ಎರಡು ಬಗೆಯಲ್ಲಿಯೂ ಕೊಟ್ಟು ಪರೀಕ್ಷಿಸಿದ ಮೇಲೆಯೇ ಹಣ ತೆರುವುದು ಲೇಸು.