ಬರಿಗೈಲಿ ಬಂದ ದಿನದ ಲೆಕ್ಕ



ಘಟಪ್ರಭೆಯ ದಂಡೆಗೆ ಗಾಳ ಹಾಕಿ ಕೂತವರನ್ನು ಕಂಡರೆ "ಏನ್ ಸಿಕ್ತರಿ?" ಎಂದು ಕೇಳುವುದು ನಮ್ಮ ವಾಡಿಕೆ. ಮೀನುಗಾರಿಕೆ ವಿಜ್ಞಾನಿ ಇನ್ನೊಂದು ಮಾತು ಕೇಳುತ್ತಾರೆ: "ಎಷ್ಟು ತಾಸು ಕೂತಿದ್ರಿ?"

ಒಬ್ಬರು ಎಂಟು ತಾಸು ಕೂತು ನಾಲ್ಕು ಮೀನು ತಂದರು. ಇನ್ನೊಬ್ಬರು ಎರಡು ತಾಸಿನಲ್ಲಿ ಎರಡು ತಂದರು. ಬುಟ್ಟಿ ನೋಡಿದರೆ ಮೊದಲನೆಯವರದೇ ಭಾರ. ತಾಸಿಗೆ ಹಂಚಿ ನೋಡಿ: ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ ಒಂದು. ಹೊಳೆಯಲ್ಲಿ ಮೀನು ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬ ಸುಳಿವು ಈ ಲೆಕ್ಕದಲ್ಲಿದೆ. ಅದಕ್ಕೇ ಬರಿಗೈಲಿ ಮನೆಗೆ ಬಂದ ದಿನವನ್ನೂ ಬರೆದಿಡಬೇಕು. ನಾಚಿ ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ.

ಹೀಗೆ ಬರೆದಿಟ್ಟದ್ದರ ಫಲ ಕಾವೇರಿಯಲ್ಲಿ ಕಂಡಿದೆ. ಅಲ್ಲಿಯ ಗಾಲಿಬೋರೆಯಲ್ಲಿ ಗಾಳ ಹಾಕುವವರು ಮಹಶೀರ್ ಮೀನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗೆ 23,620 ತಾಸು, 6,161 ಮೀನು. ಆ ದಾಖಲೆಯನ್ನು ವಿಜ್ಞಾನಿಗಳು ಬಿಡಿಸಿ ನೋಡಿದರು. ತಾಸಿಗೆ ಸಿಗುವ ಮೀನು ಹೆಚ್ಚಿತ್ತು, ಸರಾಸರಿ ತೂಕ ಇಳಿದಿತ್ತು. ಹೆಚ್ಚಿದ್ದು ಹೊರಗಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕರಗಿದ್ದು ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿ ಸೇರಿತು. ಆ ನೀಲಿ ರೆಕ್ಕೆಯದು ನಮ್ಮ ಕೃಷ್ಣಾ ಕೊಳ್ಳದ ಮೀನು. ತನ್ನ ಹೊಳೆಯಲ್ಲಿ ಮನೆಮಗ, ಪರರ ಹೊಳೆಯಲ್ಲಿ ಕಂಟಕ. ಬರೀ ಎಣಿಕೆ ಸಾಲದು, ಜಾತಿಯನ್ನೂ ಬರೆಯಿರಿ ಎನ್ನುವುದು ಇದಕ್ಕೇ.

ಜಾಗವನ್ನೂ ಬರೆಯಿರಿ. ಗೋಕಾಕ ಜಲಪಾತದ 52 ಮೀಟರ್ ಬಂಡೆಯನ್ನು ಯಾವ ಮೀನೂ ಏರಲಾರದು. ಅದರ ಮೇಲೆ ಧೂಪದಾಳದ ಒಡ್ಡು, ಇನ್ನೂ ಮೇಲೆ ಹಿಡಕಲ್ ಆಣೆಕಟ್ಟು. ಹರಿಯುವ ನೀರು ಒಂದೇ ಆದರೂ ಮೀನಿನ ಪಾಲಿಗೆ ಹೊಳೆ ತುಂಡುತುಂಡು. ಒಂದು ತುಂಡಿನಲ್ಲಿ ಮುಗಿದದ್ದು ಕೆಳಗಿನಿಂದ ಏರಿ ಬಂದು ತುಂಬುವುದಿಲ್ಲ. ಹಾಗೆಂದು ಬಕೆಟ್ಟಿನಲ್ಲಿ ಜೀವಂತ ಮೀನು ಒಯ್ದು ಬಿಡಬೇಡಿ, ಕಾವೇರಿಯನ್ನು ನೆನೆಯಿರಿ.

ಮುಂಗಾರಿನ ಹೊಸ ನೀರಿಗೆ ಎದುರು ಈಜುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ. ಹೆಣ್ಣು ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಆ ಕಾಲದಲ್ಲಿ ದೊಡ್ಡ ಹೆಣ್ಣು ಸಿಕ್ಕರೆ ಬಿಡಿ. ಕೊರವ ಮೀನು ಮರಿಗಳ ಹಿಂಡನ್ನು ಕಾಯುತ್ತದೆ. ಕಾಯುವ ಮೀನನ್ನು ಎಳೆದುಕೊಂಡರೆ ಮರಿಗಳು ಬೇರೆ ಮೀನಿನ ಬಾಯಿಗೆ. ಬಿಡುವಾಗ ಕೈ ಒದ್ದೆ ಇರಲಿ. ಒಣಗೈ ಮೀನಿನ ಮೈಯ ಲೋಳೆಯನ್ನು ಕೀಳುತ್ತದೆ, ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಕವಚ.

ಇನ್ನೂರು ಪುಟದ ಒಂದು ನೋಟಬುಕ್ಕು ಸಾಕು: ದಿನ, ಜಾಗ, ತಾಸು, ಜಾತಿ, ಅಳತೆ. ಮುಂದೆ ಯಾರಾದರೂ "ಏನ್ ಸಿಕ್ತರಿ?" ಎಂದರೆ "ಏನಿಲ್ರಿ, ಐದು ತಾಸು" ಎನ್ನಿ. ಹೊಳೆಯ ಮಟ್ಟಿಗೆ ಅದೂ ಒಂದು ಸುದ್ದಿಯೇ.